ಬಟ್ಟೆ ಹೊದ್ದ ಮೂರು ಕನ್ನಡಿಗಳು

ಮಾರ್ಚ್ 3, ಸೋಮವಾರ

ನಗರಸಭೆಯಿಂದ ಕಾಗದ ಬಂದಿದೆ. ಅಪ್ಪನ ಸಲೂನಿನ ಪರವಾನಗಿ ಈ ತಿಂಗಳ ಮೂವತ್ತೊಂದಕ್ಕೆ ಮುಗಿಯುತ್ತದಂತೆ. ಹೊಸದು ಬೇಕಾದರೆ ಅರ್ಜಿಯ ಜೊತೆ ಮಾಲೀಕರ ಫೋಟೋ ಕೊಡಬೇಕು. ಆರು ತಿಂಗಳೊಳಗೆ ತೆಗೆಸಿದ್ದಾಗಿರಬೇಕು, ನೇರ ಮುಖ, ಬಿಳಿ ಹಿನ್ನೆಲೆ. ಓದಿ ನಗು ಬಂತು. ಹನ್ನೆರಡು ವರ್ಷದಿಂದ ಇದೇ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಗಿರಾಕಿಗಳಿಗೆ ಹೇಳಿಕೊಂಡು ಬಂದವಳು ನಾನು. ಊರಿನವರ ಮುಖವನ್ನೆಲ್ಲ ತೆಗೆದವಳಿಗೆ ಸ್ವಂತ ಅಪ್ಪನ ಮುಖ ಸಿಗುವುದಿಲ್ಲ.

ಮುಂದೆ ಅಪ್ಪನ ಸಲೂನು, ಹಿಂದೆ ನನ್ನ ಸ್ಟುಡಿಯೋ, ನಡುವೆ ಒಂದು ಹಲಗೆ ಗೋಡೆ, ಗೋಡೆಗೊಂದು ಬಾಗಿಲು. ಇಷ್ಟೇ ನಮ್ಮ ವ್ಯವಹಾರ. ಅಪ್ಪ ಗಡ್ಡ ಕೆರೆದು ಕಳಿಸಿದವರನ್ನು ನಾನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆಯುತ್ತಿದ್ದೆ. ಮನೆ ಮಹಡಿಯಲ್ಲಿ.

ಅಪ್ಪನಿಗೆ ‘ಅದು’ ಆಗಿ ನಾಲ್ಕು ತಿಂಗಳು. ಒಂದು ಬೆಳಿಗ್ಗೆ ಎದ್ದಾಗ ಮುಖದ ಎಡಭಾಗ ಸೋತಿತ್ತು. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಡಾಕ್ಟರು, ನರ ಸೋತಿದೆ, ಕೈಕಾಲಿಗೆ ಏನೂ ಆಗಿಲ್ಲ, ನಿಧಾನಕ್ಕೆ ಸರಿಹೋಗಬಹುದು, ಪೂರ್ತಿ ವಾಸಿಯಾಗುತ್ತದೆ ಎಂದು ಮಾತ್ರ ಹೇಳಲಾರೆ ಎಂದರು. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅಪ್ಪ ಸಲೂನಿಗೆ ಇಳಿದ. ಕನ್ನಡಿ ನೋಡಿದ. ಗಿರಾಕಿಗಳ ಕೊರಳಿಗೆ ಕಟ್ಟುವ ಬಿಳಿ ಬಟ್ಟೆಗಳನ್ನು ತೆಗೆದು ಮೂರೂ ಕನ್ನಡಿಗಳಿಗೆ ಹೊದಿಸಿ ಮಹಡಿ ಹತ್ತಿದವನು ಮತ್ತೆ ಇಳಿದಿಲ್ಲ. ಮೇಲೆ ಬಚ್ಚಲಿನ ಕನ್ನಡಿಯನ್ನೂ ಗೋಡೆಯ ಕಡೆ ತಿರುಗಿಸಿಟ್ಟಿದ್ದಾನೆ.

ಫೋಟೋದ ಮಾತನ್ನು ಹೇಗೆ ಎತ್ತುವುದೋ ತಿಳಿಯದು.

ಮಾರ್ಚ್ 4, ಮಂಗಳವಾರ

ಎತ್ತಿದೆ. ಅಪ್ಪ ಎಂದಿನಂತೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ನಾನು ಹೊಸ್ತಿಲಲ್ಲಿ ನಿಂತೇ ಕಾಗದ ಓದಿದೆ. ಈಚೆಗೆ ನಾನು ಒಳಗೆ ಹೋಗುವುದಿಲ್ಲ. ಅವನಿಗೆ ಮುಜುಗರವಾಗಬಾರದಲ್ಲ.

“ಪರವಾನಗಿ ಹೋದ್ರೆ ಹೋಗ್ಲಿ ಬಿಡು,” ಅಂದ.

“ಕೈ ಚೆನ್ನಾಗೇ ಇದೆಯಲ್ಲ ಅಪ್ಪ. ಕತ್ತರಿ ಹಿಡಿಯೋದು ಕೈ ತಾನೆ?”

“ಗಿರಾಕಿ ಕನ್ನಡಿ ಮುಂದೆ ಕೂತ್ರೆ ಅವನ ತಲೆ ಮೇಲೆ ಯಾರ ಮುಖ ಕಾಣತ್ತೆ? ನಂದು. ಚೆಂದ ಆಗೋಕೆ ಅಂತ ಬಂದೋನು ಅರ್ಧ ಗಂಟೆ ಇದನ್ನ ಯಾಕೆ ನೋಡ್ಬೇಕು?”

ಚಹಾ ಲೋಟವನ್ನು ಹೊಸ್ತಿಲ ಪಕ್ಕದ ಮೇಜಿನ ಮೇಲಿಟ್ಟು ಇಳಿದುಬಂದೆ.

ಅಡುಗೆಮನೆಯಿಂದ ಅತ್ತೆ ಕೇಳಿಸಿಕೊಂಡಿದ್ದರು. ಅಪ್ಪನ ಅಕ್ಕ, ಅಮ್ಮ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮನೆಯಲ್ಲಿ ಅಪ್ಪನನ್ನು ಗದರಿಸುವ ಹಕ್ಕಿರುವುದು ಅವರೊಬ್ಬರಿಗೇ. “ಹಳೇ ಫೋಟೋ ಅಂಟಿಸಿ ಕಳಿಸೇ, ಯಾರಿಗೆ ಗೊತ್ತಾಗತ್ತೆ?” ಅಂದರು. ನನಗೆ ಗೊತ್ತಾಗುತ್ತದೆ. ಹಳೇ ಫೋಟೋ ತಂದವರನ್ನು ಹನ್ನೆರಡು ವರ್ಷ ಬೈದು ಕಳಿಸಿದ್ದೇನೆ.

ಮಾರ್ಚ್ 6, ಗುರುವಾರ

ಇಂದು ಒಬ್ಬ ಹೆಂಗಸು ಫೋಟೋ ನೋಡಿ ಮೂಗು ಮುರಿದಳು. “ಇದು ನಾನಲ್ಲ. ಮುಖ ಸೊಟ್ಟ ಬಂದಿದೆ.”

ವಾರಕ್ಕೆ ನಾಲ್ಕು ಜನ ಹೀಗೆ ಹೇಳುವವರು ಇದ್ದೇ ಇರುತ್ತಾರೆ. ಅವರಿಗೆಲ್ಲ ಅಪ್ಪನದೊಂದು ಮದ್ದಿತ್ತು. ಗಿರಾಕಿಯನ್ನು ಸಲೂನಿನ ಮೊದಲ ಕನ್ನಡಿಯ ಮುಂದೆ ನಿಲ್ಲಿಸಿ, ಫೋಟೋವನ್ನು ಅವರ ಎದೆಗೆ ಹಿಡಿದು, “ಈಗ ಕನ್ನಡೀಲಿ ನೋಡಿ, ಇಬ್ರೂ ಒಂದೇನಾ?” ಎಂದು ಕೇಳುತ್ತಿದ್ದ. ಕನ್ನಡಿಯೊಳಗಿನ ಫೋಟೋ ಕನ್ನಡಿಯೊಳಗಿನ ಮುಖಕ್ಕೆ ಸರಿಯಾಗಿ ಹೊಂದುತ್ತಿತ್ತು. “ನೀವು ನಿಮ್ಮನ್ನ ಕನ್ನಡೀಲಿ ಮಾತ್ರ ನೋಡಿದ್ದೀರಿ, ಅಲ್ಲಿ ಎಡ ಬಲ ಅದಲುಬದಲು. ಊರಿಗೆ ಕಾಣೋದು ಫೋಟೋದಲ್ಲಿರೋ ಮುಖ. ಊರಿಗೇನೂ ಬೇಜಾರಿಲ್ವಲ್ಲ?” ಅವರು ನಕ್ಕು ಹೋಗುತ್ತಿದ್ದರು.

ಇಂದು ಆ ಹೆಂಗಸನ್ನು ಸಲೂನಿನವರೆಗೆ ಕರೆದುಕೊಂಡು ಹೋದೆ. ಬಟ್ಟೆ ಎತ್ತಲು ಕೈ ಬರಲಿಲ್ಲ. ಅವಳು ಮುಖ ಊದಿಸಿಕೊಂಡೇ ಹೋದಳು.

ಅವಳು ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಹಲಗೆ ಗೋಡೆಯ ಬಾಗಿಲಿನತ್ತ ನೋಡಿದೆ. ಬಾಗಿಲ ಚೌಕಟ್ಟಿನೊಳಗೆ ಅಪ್ಪನ ಖಾಲಿ ಕುರ್ಚಿ, ಅದರ ಹಿಂದೆ ಬಟ್ಟೆ ಹೊದ್ದ ಕನ್ನಡಿ. ರಸ್ತೆಯ ಬೆಳಕು ಕುರ್ಚಿಯ ಕೈಯ ಮೇಲೆ ಮಾತ್ರ ಬಿದ್ದಿತ್ತು, ಅಪ್ಪ ಒರಗಿ ಒರಗಿ ಬಣ್ಣ ಹೋದ ಜಾಗದಲ್ಲಿ. ಕ್ಯಾಮೆರಾ ಎತ್ತಿ ಒಂದು ತೆಗೆದೆ. ಬಿಳಿ ಹಿನ್ನೆಲೆ ಇಲ್ಲದ ಫೋಟೋ ತೆಗೆದು ಎಷ್ಟು ವರ್ಷವಾಗಿತ್ತೋ.

ಮಾರ್ಚ್ 9, ಭಾನುವಾರ

ಆ ಖಾಲಿ ಕುರ್ಚಿಯ ಫೋಟೋ ತಲೆಯಿಂದ ಇಳಿಯುತ್ತಿಲ್ಲ. ಬಾಗಿಲಿನ ಎರಡು ಮರದ ಪಟ್ಟಿಗಳು ಇಲ್ಲದಿದ್ದರೆ ಅದು ಬರೀ ಕುರ್ಚಿ. ಅವು ಇದ್ದದ್ದರಿಂದ ಯಾರೋ ಎದ್ದುಹೋದ ಕುರ್ಚಿ. ಇದೆಂಥ ಮಾಟವೋ.

ಇಂದು ಮಹಡಿಯಲ್ಲೂ ಮಾಡಿ ನೋಡಿದೆ. ನಾನು ನಿಲ್ಲುವ ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದಕ್ಕೆ ಹೋದರೆ ಮೊದಲು ಬಾಗಿಲ ಚೌಕಟ್ಟು, ಅದರೊಳಗೆ ಕಿಟಕಿಯ ಚೌಕಟ್ಟು, ಅದರ ನಡುವೆ ಅಪ್ಪನ ಬೆನ್ನು. ಸದ್ದಾಗದಂತೆ ತೆಗೆದೆ ಅಂದುಕೊಂಡಿದ್ದೆ.

“ಏನದು ಕ್ಲಿಕ್ ಅಂದಿದ್ದು?”

“ನಿನ್ನ ಬೆನ್ನು, ಅಷ್ಟೇ.”

“ತಾ ಇಲ್ಲಿ.”

ಕೈಯನ್ನಷ್ಟೇ ಹಿಂದಕ್ಕೆ ಚಾಚಿದ. ಹೊಸ್ತಿಲು ದಾಟಿ ಅವನ ಬೆನ್ನ ಹಿಂದಿನಿಂದಲೇ ಕ್ಯಾಮೆರಾ ಕೊಟ್ಟೆ. ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದ. ಹಾಳಾಯಿತು, ಈಗ ಮಂಗಳಾರತಿ ಎಂದುಕೊಂಡೆ.

“ಕತ್ತಿನ ಹಿಂದೆ ಕೂದಲು ಹೇಗೆ ಪೊದೆ ಬೆಳೆದಿದೆ ನೋಡು! ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಥೂ, ನಾಚಿಕೆಗೇಡು.”

ಅಷ್ಟೂ ಫೋಟೋದಲ್ಲಿ ಅವನಿಗೆ ಕಂಡದ್ದು ಅದೊಂದೇ.

ಮಾರ್ಚ್ 11, ಮಂಗಳವಾರ

ಅಪ್ಪ ತನ್ನ ಕ್ಷೌರದ ಪೆಟ್ಟಿಗೆ ತರಿಸಿಕೊಂಡ! ನಾಲ್ಕು ತಿಂಗಳಿಂದ ಮುಟ್ಟದ ಪೆಟ್ಟಿಗೆ. ಕತ್ತಿನ ಹಿಂದಿನ ಕೂದಲನ್ನು ತಾನೇ ತೆಗೆದುಕೊಳ್ಳುತ್ತಾನಂತೆ. ಕನ್ನಡಿ ಬೇಡ. ನಾನು ಹಿಂದಿನಿಂದ ಫೋಟೋ ತೆಗೆದು ತೋರಿಸಬೇಕು, ಅವನು ಅದನ್ನು ನೋಡಿಕೊಂಡು ಒಂದೆರಡು ಸಲ ಕ್ಷೌರದ ಕತ್ತಿ ಆಡಿಸಬೇಕು, ಮತ್ತೆ ನಾನು ಫೋಟೋ ತೆಗೆಯಬೇಕು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ನಲವತ್ತೊಂದು ಫೋಟೋ ಆಯಿತು. ಜಗತ್ತಿನಲ್ಲಿ ಯಾರ ಕುತ್ತಿಗೆಗೂ ಇಷ್ಟು ಮರ್ಯಾದೆ ಸಿಕ್ಕಿರಲಾರದು.

ಕೊನೆಗೆ ನಾನೇ ಅವನ ಧಾಟಿಯಲ್ಲಿ, “ಹಿಂದೆ ಸರಿಯಾಗಿದೆಯಾ ಸಾರ್?” ಎಂದೆ. ಕೆಲಸ ಮುಗಿದ ಮೇಲೆ ಕೈಗನ್ನಡಿಯನ್ನು ಗಿರಾಕಿಯ ತಲೆಯ ಹಿಂದೆ ಹಿಡಿದು ಅವನು ಕೇಳುತ್ತಿದ್ದ ಮಾತು ಅದು. ಬೆನ್ನು ಅಲುಗಿತು. ನಕ್ಕನೋ, ಕೆಮ್ಮಿದನೋ, ನನಗೆ ಕಾಣಲಿಲ್ಲ.

ಮಾರ್ಚ್ 15, ಶನಿವಾರ

ನಾಲ್ಕು ದಿನದಿಂದ ಹುಚ್ಚು ಹಿಡಿದವಳಂತೆ ತೆಗೆಯುತ್ತಿದ್ದೇನೆ. ಮೆಟ್ಟಿಲಿನ ತಿರುವಿನಿಂದ, ಅಡುಗೆಮನೆಯ ಬಾಗಿಲ ಸಂದಿನಿಂದ, ಅರ್ಧ ಮುಚ್ಚಿದ ಪರದೆಯ ನಡುವಿನಿಂದ. ಎಲ್ಲದರಲ್ಲೂ ಅಪ್ಪ, ಎಲ್ಲದರಲ್ಲೂ ಬೆನ್ನು ಅಥವಾ ಕೈ. ಚೆನ್ನಾಗಿರುವ ಹದಿಮೂರನ್ನು ಮೆಟ್ಟಿಲ ಗೋಡೆಗೆ ಅಂಟಿಸಿದ್ದೇನೆ. “ಇದೇನೇ, ನಮ್ಮನೇಲಿ ಮುಖ ಇಲ್ದೋರ ಮೆರವಣಿಗೆ!” ಎಂದರು ಅತ್ತೆ.

ಇಂದಿನದು ಎಲ್ಲಕ್ಕಿಂತ ಮೇಲು. ಅಪ್ಪನ ಕಿಟಕಿಯ ಎದುರಿಗೆ ರಸ್ತೆಯ ಆಚೆ ಟಿಕ್‌ಟಿಕ್ ಮಾಮನ ಕಿಟಕಿ. ವಾಚು ರಿಪೇರಿ ಮಾಡುವ ಅವರನ್ನು ನಾನು ಮಾತು ಕಲಿತಾಗಿನಿಂದ ಹಾಗೇ ಕರೆಯುವುದು. ಮೂವತ್ತು ವರ್ಷದಿಂದ ಅಪ್ಪನನ್ನು ಬಿಟ್ಟು ಬೇರೆಯವರ ಕೈಗೆ ತಲೆ ಕೊಟ್ಟವರಲ್ಲ. ಈಗಲೂ ಕೊಟ್ಟಿಲ್ಲ. ನಾಲ್ಕು ತಿಂಗಳ ಕೂದಲು ಕಿವಿ ಮುಚ್ಚಿ ಹಣೆಗಿಳಿದಿದೆ. ಒಂದು ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಬಗ್ಗಿದರೆ ಕೂದಲು ಗಡಿಯಾರದೊಳಗೇ ಬೀಳುತ್ತದೆ. ಅದಕ್ಕೆ ನೆತ್ತಿಯ ಮೇಲೆ ರಬ್ಬರ್ ಬ್ಯಾಂಡು ಹಾಕಿ ಜುಟ್ಟು ಕಟ್ಟಿದ್ದಾರೆ.

ನಮ್ಮ ಕಿಟಕಿಯೊಳಗೆ ಅಪ್ಪನ ಭುಜ, ಅದರಾಚೆ ಅವರ ಕಿಟಕಿಯೊಳಗೆ ಜುಟ್ಟು. ಒಂದೇ ಚಿತ್ರದಲ್ಲಿ ಇಬ್ಬರೂ. ಪರದೆಯ ಮೇಲೆ ಜುಟ್ಟನ್ನು ದೊಡ್ಡದು ಮಾಡಿ ತೋರಿಸಿದೆ. ಈ ಸಲ ಸಂಶಯವೇ ಇಲ್ಲ, ಅಪ್ಪ ನಕ್ಕ. ಆ ನಗೆಯ ಸದ್ದು ಬೇರೆಯಾಗಿದೆ, ಗಾಳಿ ಸೋರಿದ ಹಾಗೆ. ಆದರೂ ನಗೆಯೇ.

ಸಂಜೆ ಮಾಮ ರಸ್ತೆಯಲ್ಲಿ ಸಿಕ್ಕರು. “ನಿಮ್ಮಪ್ಪಂಗೆ ಹೇಳು, ಇನ್ನೊಂದು ತಿಂಗಳು ಬಿಟ್ರೆ ನಾನು ಜಡೆ ಹಾಕ್ಕೋತೀನಿ. ಮರ್ಯಾದೆ ಅವನದೇ ಹೋಗೋದು.”

ಮಾರ್ಚ್ 16, ಭಾನುವಾರ

ಜಗಳವಾಯಿತು.

ಎಲ್ಲ ಸರಿಹೋಗುತ್ತಿದೆ ಎಂದುಕೊಂಡು ಅರ್ಜಿ ಹಿಡಿದು ಹೋಗಿದ್ದೆ. “ಹದಿನೈದು ದಿನ ಉಳಿದಿದೆ ಅಪ್ಪ. ಒಂದೇ ಒಂದು ಫೋಟೋ. ಎರಡು ನಿಮಿಷ.”

“ಬೇಡ ಅಂದ್ನಲ್ಲ.”

“ಬೆನ್ನು ತೆಗೆದಾಗ ಸುಮ್ನೆ ಇದ್ದೆಯಲ್ಲ!”

“ಬಾಗಿಲಿಂದ ತೆಗೀತೀಯ, ಸಂದಿಯಿಂದ ತೆಗೀತೀಯ, ಪರದೆ ಹಿಂದಿಂದ ತೆಗೀತೀಯ. ನನಗೆ ತೋರಿಸೋಕೆ ಧೈರ್ಯ ಇಲ್ಲ, ಒಪ್ಪಿದೆ. ನಿನಗೆ ನೋಡೋಕೆ ಇದೆಯೇನು? ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಈ ಕುರ್ಚಿ ದಾಟಿ ನನ್ನ ಮುಂದೆ ಬಂದು ನಿಂತಿದ್ದೀಯಾ?”

ಅವನ ಮುಜುಗರ ನೋಡಿ ನಾನು ಹಿಂದೆಯೇ ನಿಂತರೆ ನನ್ನ ತಲೆಗೇ ಕಟ್ಟುತ್ತಾನೆ! ನನಗೆ ನೋಡಲು ಧೈರ್ಯವಿಲ್ಲವಂತೆ. ದಿನಕ್ಕೆ ಇಪ್ಪತ್ತು ಮುಖ ನೋಡುವವಳು ನಾನು. ಬಾಯಿಗೆ ಬಂದದ್ದನ್ನು ಅಂದು ಇಳಿದುಬಂದೆ. ಏನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 17, ಸೋಮವಾರ

ಇಂದು ಕ್ಯಾಮೆರಾ ಮುಟ್ಟಲಿಲ್ಲ, ಗಿರಾಕಿಗಳಿಗೆ ಬಿಟ್ಟರೆ.

ಮಾರ್ಚ್ 21, ಶುಕ್ರವಾರ

ಅತ್ತೆಗೆ ಮಂಡಿನೋವು ಜೋರಾಗಿದೆ. ಹಾಗಾಗಿ ಅಪ್ಪನ ಮುಚ್ಚದ ಕಣ್ಣಿಗೆ ಅವರು ಹಾಕುತ್ತಿದ್ದ ಔಷಧಿಯ ಹನಿಯನ್ನು ಮೂರು ದಿನದಿಂದ ನಾನೇ ಅವನ ಎದುರು ನಿಂತು ಹಾಕುತ್ತಿದ್ದೇನೆ, ದಿನಕ್ಕೆ ನಾಲ್ಕು ಸಲ. ಮೊದಲ ದಿನ ಇಬ್ಬರೂ ಮಾತಾಡಲಿಲ್ಲ. ಒಂದು ಹನಿ ಕೆನ್ನೆಗೆ ಬಿತ್ತು. “ಗುರಿ ನೋಡು,” ಅಂದ. “ಅಲುಗ್ಬೇಡ,” ಅಂದೆ. ರಾಜಿಯಾಯಿತು. ಭಾನುವಾರ ಅಂದದ್ದಕ್ಕೆ ತಪ್ಪಾಯ್ತು ಎಂದು ಹೇಳಬೇಕೆಂದಿದ್ದೆ. ಅವನು ಕೈ ಆಡಿಸಿ ಬೇಡ ಅಂದ.

ಎಡಗಣ್ಣಿನ ರೆಪ್ಪೆ ಈಗ ಮುಕ್ಕಾಲು ಮುಚ್ಚುತ್ತದೆ. ಬಾಯಿಯ ಎಡ ತುದಿ ಕೆಳಕ್ಕೆ ಜಾರಿದೆ. ಆ ಕಡೆಯ ಕೆನ್ನೆಯಲ್ಲಿ ಸುಕ್ಕೇ ಇಲ್ಲ, ಇಪ್ಪತ್ತು ವರ್ಷದವನ ಕೆನ್ನೆಯಂತೆ ನುಣುಪಾಗಿದೆ. ಬಲಗಡೆ ಅರವತ್ತನಾಲ್ಕು ವರ್ಷ ಪೂರ್ತಿ ಇದೆ. ಮದುವೆಯಾಗುವಾಗ ಅಮ್ಮ ನೋಡಿದ್ದು ಎಡಗಡೆಯದನ್ನೇ ಇರಬೇಕು ಎಂದು ಅವನಿಗೆ ಹೇಳಿದೆ. “ಹೋಗೇ ಅಧಿಕಪ್ರಸಂಗಿ,” ಅಂದ.

ಸಂಜೆ ಕಿಟಕಿಯ ಒಂದು ಬಾಗಿಲು ಒಳಕ್ಕೆ ತೆರೆದಿತ್ತು. ಹನಿ ಹಾಕಿ ಅವನ ಹಿಂದೆ ನಿಂತು ನೋಡಿದರೆ ಆ ಬಾಗಿಲಿನ ಗಾಜಿನಲ್ಲಿ ಅಪ್ಪನ ಮುಖ ತೆಳ್ಳಗೆ ಮೂಡಿತ್ತು. ನಾನು ಕ್ಯಾಮೆರಾ ಎತ್ತಿದ್ದು ಅವನಿಗೂ ಗಾಜಿನಲ್ಲಿ ಕಂಡಿತು. ನನ್ನನ್ನೇ ನೋಡಿದ. ತಿರುಗಲಿಲ್ಲ, ಎದ್ದೂ ಹೋಗಲಿಲ್ಲ. ತೆಗೆದೆ. ಅದನ್ನು ನೋಡುತ್ತ ಕೂತವಳಿಗೆ ಚಹಾ ಆರಿದ್ದೇ ತಿಳಿಯಲಿಲ್ಲ.

ಮಾರ್ಚ್ 24, ಸೋಮವಾರ

ಹನಿ ಹಾಕುವಾಗ ಅಪ್ಪ ತಾನಾಗಿಯೇ ಕೇಳಿದ.

“ಅವನು ನಿಜವಾಗ್ಲೂ ಜಡೆ ಹಾಕ್ಕೋತಾನಂತಾ?”

“ರಿಬ್ಬನ್ ಬಣ್ಣ ಯಾವುದಿರಲಿ ಅಂತ ಅತ್ತೆನ ಕೇಳಿದ್ರಂತೆ.”

ಕೆನ್ನೆಗಿಳಿದ ಹನಿ ಒರೆಸಿಕೊಂಡ. ಆಮೇಲೆ ಹೇಳಿದ: “ತೆಗಿ. ಒಂದೇ ಒಂದು. ಆದ್ರೆ ನನಗೆ ತೋರಿಸ್ಕೂಡದು. ಅಂಟಿಸಿ ಕಳಿಸಿಬಿಡು. ಅಂಗಡಿ ತೆರೀತೀನಿ ಅಂತ ಮಾತ್ರ ಕನಸು ಕಾಣ್ಬೇಡ. ಪರವಾನಗಿ ಇರ್ಲಿ, ಅಷ್ಟೇ.”

ಕನಸು ಕಾಣುವುದಿಲ್ಲ ಎಂದೆ. ಸುಳ್ಳು.

ಮಾರ್ಚ್ 27, ಗುರುವಾರ

ತೆಗೆದೆ. ಬೀರುವಿನ ಬಾಗಿಲಿಗೆ ಬಿಳಿ ಹಾಸಿಗೆಬಟ್ಟೆ ಕಟ್ಟಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿದೆ. “ನೇರ ನೋಡಿ, ಗಲ್ಲ ಸ್ವಲ್ಪ ಕೆಳಗೆ, ಉಸಿರು ಬಿಡಿ,” ಎಂದು ಬಾಯಿಪಾಠ ಒಪ್ಪಿಸಿದೆ. ಅಪ್ಪ ಕ್ಯಾಮೆರಾದ ಕಣ್ಣನ್ನೇ ದಿಟ್ಟಿಸಿದ. ಒಂದೇ ಎಂದಿದ್ದನಲ್ಲ, ಒಂದೇ ತೆಗೆದೆ. ನೆರಳಿಲ್ಲ, ಮಸುಕಿಲ್ಲ. ಯಾವ ಕಚೇರಿಯೂ ವಾಪಸು ಕಳಿಸಲಾರದು.

ಹನ್ನೆರಡು ವರ್ಷದಲ್ಲಿ ನಾನು ತೆಗೆದ ಎಲ್ಲಕ್ಕಿಂತ ಒಳ್ಳೆಯ ನೇರ ಮುಖ ಇದೇ.

ಮಾರ್ಚ್ 29, ಶನಿವಾರ

ಏನೇನಾಯಿತು ಎಂದು ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ತಪ್ಪು ನನ್ನದೇ. ಫೋಟೋ ಅಂಟಿಸಿದ ಅರ್ಜಿಯನ್ನು ಸಹಿಗೆಂದು ಮೇಲೆ ಒಯ್ದೆ. ಸಹಿ ಹಾಕುವ ಜಾಗ ಫೋಟೋದ ಕೆಳಗೇ ಇದೆ. ನನಗೆ ಅದು ಹೊಳೆಯಲೇ ಇಲ್ಲ. ಅಪ್ಪ ಪೆನ್ನು ಹಿಡಿದವನು ನಿಲ್ಲಿಸಿಬಿಟ್ಟ.

“ಇದು ನಾನಲ್ಲ,” ಅಂದ.

“ಅಪ್ಪ...”

“ತಿರುಗಾಮುರುಗಾ ಬಂದಿದೆ. ಜಾರಿರೋದು ಈ ಕಡೆ. ಇದರಲ್ಲಿ ಆ ಕಡೆ ಮಾಡಿಟ್ಟಿದ್ದೀಯ. ಬೈತಲೆನೂ ಆ ಕಡೆಗೆ ಹೋಗಿದೆ. ನಿನ್ನ ಮಷೀನು ಕೆಟ್ಟಿದೆ.”

“ಮಷೀನು ಸರಿಯಾಗಿದೆ.”

“ನನ್ನ ಮುಖ ನನಗೆ ಗೊತ್ತಿಲ್ವೇನೇ? ಆವತ್ತು ಕಣ್ಣಾರೆ ನೋಡಿದ್ದೀನಿ. ಇಂಥಾ ತಪ್ಪು ಫೋಟೋ ಕೊಟ್ಟು ಗಿರಾಕಿಗಳ ಹತ್ರ ಬೈಸ್ಕೋಬೇಕಾ ನಾವು? ಬಾ, ತೋರಿಸ್ತೀನಿ ಬಾ!”

ಅರ್ಜಿ ಹಿಡಿದು ಎದ್ದೇಬಿಟ್ಟ. ದಡದಡ ಮೆಟ್ಟಿಲಿಳಿದ. ಮುಖವಿಲ್ಲದ ಹದಿಮೂರು ಫೋಟೋಗಳನ್ನು ದಾಟಿ, ನನ್ನ ಸ್ಟುಡಿಯೋ ದಾಟಿ, ಹಲಗೆ ಗೋಡೆಯ ಬಾಗಿಲು ದಾಟಿ, ಮೊದಲ ಕನ್ನಡಿಯ ಮುಂದೆ ನಿಂತು ಬಟ್ಟೆಯನ್ನು ಒಂದೇ ಏಟಿಗೆ ಎಳೆದ. ಎಳೆದ ಮೇಲೆ ತಾನೇನು ಮಾಡಿದೆ ಎಂಬುದು ಅವನಿಗೆ ಅರಿವಾಯಿತು. ಬಟ್ಟೆ ಕೈಯಲ್ಲೇ ಇತ್ತು.

ಆ ಹೊತ್ತಿನಲ್ಲಿ ನನಗೆ ಬಂದದ್ದು ಅವನು ಕಲಿಸಿದ ಮಾತೊಂದೇ. ಅರ್ಜಿ ತೆಗೆದುಕೊಂಡು, ಫೋಟೋ ಇರುವ ಮೂಲೆಯನ್ನು ಅವನ ಎದೆಗೆ ಹಿಡಿದೆ.

“ಈಗ ಕನ್ನಡೀಲಿ ನೋಡಿ ಸಾರ್. ಇಬ್ರೂ ಒಂದೇನಾ?”

ಅಪ್ಪ ನೋಡಿದ. ಒಮ್ಮೆ ಮುಖ, ಒಮ್ಮೆ ಫೋಟೋ. ಸಾವಿರ ಗಿರಾಕಿಗಳಿಗೆ ಬುದ್ಧಿ ಹೇಳಿದವನು ಅವರು ಮಾಡಿದ ತಪ್ಪನ್ನೇ ಮಾಡಿ, ಅವರು ನಿಂತ ಜಾಗದಲ್ಲೇ ನಿಂತಿದ್ದ.

“ಒಂದೇ,” ಅಂದ.

ಕೈಯಲ್ಲಿದ್ದ ಬಟ್ಟೆಯನ್ನು ಕುರ್ಚಿಯ ಮೇಲೆ ಹಾಕಿ ಕೇಳಿದ:

“ಹಾಗಾದ್ರೆ ನಾಲ್ಕು ತಿಂಗಳಿಂದ ನೀವೆಲ್ಲ ನೋಡ್ತಿದ್ದಿದ್ದು ಇದನ್ನ?”

“ಹೂಂ. ನಾನು ಎಂಟು ಹತ್ತು ದಿನದಿಂದ.”

ಅಪ್ಪ ನನ್ನ ಕಡೆ ತಿರುಗಿ ನೋಡಿದ. ಕಪಾಟಿನಿಂದ ಬಾಚಣಿಗೆ ತೆಗೆದ. ಗಿರಾಕಿಗಳ ಎರಡು ಕಿವಿಯ ಬದಿಯ ಕೂದಲು ಸಮನಾಗಿದೆಯೇ ಎಂದು ಅಡ್ಡ ಹಿಡಿದು ನೋಡುವ ಬಾಚಣಿಗೆ ಅದು. ಅದನ್ನು ತನ್ನ ತುಟಿಯ ಮುಂದೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ಕನ್ನಡಿಯಲ್ಲಿ ಅಳೆದ.

“ಆವತ್ತು ಬಾಚಣಿಗೆಯ ಇಷ್ಟಗಲಕ್ಕೂ ಇಳಿದಿತ್ತು ಕಣೆ. ಈಗ ಅರ್ಧ ಕೂಡ ಇಲ್ಲ. ಮೇಲೆ ಹತ್ತಿದೆ.”

ಅವನು ಕನ್ನಡಿ ನೋಡಿದ್ದು ಆ ಒಂದೇ ದಿನ, ಎಲ್ಲಕ್ಕಿಂತ ಕೆಟ್ಟ ದಿನ. ನಾಲ್ಕು ತಿಂಗಳು ಅದೇ ಮುಖ ಹೊತ್ತುಕೊಂಡು ಕಿಟಕಿಯ ಬಳಿ ಕೂತಿದ್ದ. ನನಗೆ ಅಳು ಬಂತು. ಅವನಿಗೆ ಕಾಣುವಂತೆಯೇ ಅತ್ತುಬಿಟ್ಟೆ.

“ಅಳೋಕೇನಾಯ್ತು? ಫೋಟೋಗೆ ಮುಂಚೆ ಗಡ್ಡ ಸರಿ ಮಾಡ್ಕೊಳ್ಳೋಕೆ ಬಿಡ್ಬೇಕಿತ್ತು ನೀನು. ಅದು ತಪ್ಪು,” ಎಂದು ಹೇಳಿ ಕುರ್ಚಿಯ ಕೈಯ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದ.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಹತ್ತೂವರೆಗೆ ಅರ್ಜಿ ಕೊಟ್ಟು ಬಂದೆ. ಗುಮಾಸ್ತರು ಫೋಟೋ ನೋಡಿದರು, ಠಸ್ಸೆ ಒತ್ತಿದರು, ಮುಂದಿನವರನ್ನು ಕರೆದರು. ಅಷ್ಟೇ. ನಾನು ಒಂದು ಕ್ಷಣ ನಿಂತೇ ಇದ್ದೆ, ಇನ್ನೇನೋ ಹೇಳಬಹುದು ಎಂದು.

ವಾಪಸು ಬಂದಾಗ ಸಲೂನಿನ ಬಾಗಿಲು ತೆರೆದಿತ್ತು. ಮೊದಲ ಕುರ್ಚಿಯಲ್ಲಿ ಟಿಕ್‌ಟಿಕ್ ಮಾಮ. ಅವರನ್ನು ಯಾರು ಕರೆದರು ಎಂದು ಕೇಳಿದರೆ ಯಾರೂ ಕರೆದಿಲ್ಲವಂತೆ. ಕಿಟಕಿಯಿಂದ ಕಣ್ಣಲ್ಲೇ ಮಾತಾಯಿತಂತೆ. ಕನ್ನಡಿಯಿಂದ ಎಳೆದ ಬಟ್ಟೆಯನ್ನು ಅಪ್ಪ ಬಾಗಿಲಲ್ಲಿ ನಿಂತು ಎರಡು ಸಲ ಕೊಡವಿ ಅವರ ಕೊರಳಿಗೆ ಕಟ್ಟಿದ. ರಬ್ಬರ್ ಬ್ಯಾಂಡು ಬಿಚ್ಚಿ ಮೇಜಿನ ಮೇಲಿಟ್ಟ.

“ನನ್ನ ಮುಖ ನೋಡ್ಕೊಂಡು ಅರ್ಧ ಗಂಟೆ ಕೂರ್ಬೇಕು. ಆಗತ್ತಾ?”

“ನಿನ್ನ ಮುಖ ಮೊದಲೇನು ಗುಲಾಬಿ ಹೂವಾಗಿತ್ತೇನೋ? ಕತ್ತರಿಸು ಸುಮ್ನೆ. ಮಧ್ಯಾಹ್ನಕ್ಕೆ ಎರಡು ಗಡಿಯಾರ ಕೊಡೋದಿದೆ.”

ಕತ್ತರಿಯ ಸದ್ದು ಶುರುವಾಯಿತು. ಕೂದಲು ಗುಪ್ಪೆ ಗುಪ್ಪೆಯಾಗಿ ಬಿತ್ತು. ಮಹಡಿಯಿಂದ ಅತ್ತೆ, “ಜುಟ್ಟು ಎತ್ತಿಡ್ರೋ, ನೋಡ್ಬೇಕು ನಾನು!” ಎಂದು ಕೂಗಿದರು.

ನಾನು ಹಲಗೆ ಗೋಡೆಯ ಬಾಗಿಲಿಗೆ ಹೋಗಿ ಕ್ಯಾಮೆರಾ ಎತ್ತಿದೆ. ಬಾಗಿಲ ಚೌಕಟ್ಟು, ಅದರೊಳಗೆ ಕುರ್ಚಿ, ಅದರಾಚೆ ಕನ್ನಡಿಯ ಚೌಕಟ್ಟು. ಕನ್ನಡಿಯಲ್ಲಿ ಕೆಳಗೆ ಮಾಮನ ಮುಖ, ಮೇಲೆ ಅಪ್ಪನದು. ಎಲ್ಲ ಸರಿಯಾಗಿತ್ತು. ಕನ್ನಡಿಯಲ್ಲೇ ಅವರ ಹಿಂದಿನ ಬಾಗಿಲಲ್ಲಿ ಯಾರೋ ಹೆಂಗಸು ಕೆದರಿದ ತಲೆಯಲ್ಲಿ ನಿಂತಿದ್ದಳು. ಸ್ವಲ್ಪ ಸರಿದುಕೊಳ್ಳಿ ಎನ್ನಲು ಬಾಯಿ ತೆರೆದೆ. ಆಮೇಲೆ ನೋಡಿದರೆ ಅವಳ ಕೈಯಲ್ಲೂ ಕ್ಯಾಮೆರಾ. ಇರಲಿ ಬಿಡು ಎಂದು ತೆಗೆದೆ.

ಅಪ್ಪ ಕೈಗನ್ನಡಿಯನ್ನು ಮಾಮನ ತಲೆಯ ಹಿಂದೆ ಹಿಡಿದ. “ಹಿಂದೆ ಸರಿಯಾಗಿದೆಯಾ?” ಮಾಮ ಈ ಕಡೆ ಆ ಕಡೆ ನೋಡಿ ತಲೆಯಾಡಿಸಿದರು. ಅವರ ಕಣ್ಣು ಕೆಂಪಾಗಿತ್ತು. ಕೂದಲು ಬಿತ್ತು ಎಂದರು.

ಅವರು ಹೋದ ಮೇಲೆ ಅಪ್ಪ ಎರಡನೆಯ ಕನ್ನಡಿಯ ಬಟ್ಟೆ ಎಳೆದ, ಮೂರನೆಯದರದ್ದೂ ಎಳೆದ. ಎರಡನ್ನೂ ಸುತ್ತಿ ನನ್ನ ತೋಳಿಗೆ ಹಾಕಿದ.

“ಧೂಳು ಹಿಡಿದಿದೆ. ಈಗ್ಲೇ ಒಗೆದು ಹಾಕು, ನಾಳೆ ಒಂಬತ್ತಕ್ಕೆ ಬೇಕು.”

ಒಗೆದು ಮಹಡಿಯ ಕಿಟಕಿಗೆ ಹರವಿದ್ದೇನೆ. ಗಾಳಿ ಚೆನ್ನಾಗಿದೆ, ಸಂಜೆಯೊಳಗೆ ಒಣಗುತ್ತವೆ.